ಗುಡ್ಡಕ್ಕೆ ಬಿಟ್ಟ ಜಾಗ

ನಮ್ಮೂರಿನಲ್ಲಿ ಯಾರಿಗಾದರೂ ದಾರಿ ಹೇಳುವಾಗ ಗುಡ್ಡದ ಹೆಸರು ಎತ್ತುವುದಿಲ್ಲ. "ಗುಡ್ಡದ ಹತ್ರ ಎಡಕ್ಕ ಹೊಳ್ಳ್ರಿ" ಅಂತ ಹೇಳಿ ಕಳಿಸಿದರೆ, ಪಾಪ, ಆ ಮನುಷ್ಯ ಸಂಜೆತನಕ ಊರು ಸುತ್ತಿ ಮತ್ತೆ ನಮ್ಮ ಕಟ್ಟೆಗೇ ಬಂದು ಕೂಡುತ್ತಾನೆ. ಮುಂಜಾನೆ ಕೆರೆಯ ಕಡೆಗಿದ್ದ ಗುಡ್ಡ ಮಧ್ಯಾಹ್ನ ಸಂತೆಬಯಲಿನ ಹಿಂದೆ ಇರುತ್ತದೆ. ಅದು ಎದ್ದು ಹೊರಟಾಗ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ನಾವು ಕೈಯಲ್ಲಿದ್ದ ಚಹಾದ ಕಪ್ಪನ್ನು ಸ್ವಲ್ಪ ಗಟ್ಟಿ ಹಿಡಿದು, "ಹೊಂಟಿತು ನೋಡ್ರಿ" ಅಂದು ಮುಂದಿನ ಮಾತಿಗೆ ಹೋಗುತ್ತೇವೆ. ಆಡು ಕಾಯುವ ಲಗಮಣ್ಣ ಮುಂಜಾನೆ ತನ್ನ ಆಡುಗಳನ್ನು ನೇಕಾರ ಓಣಿಯಿಂದ ಗುಡ್ಡಕ್ಕೆ ಹತ್ತಿಸಿದರೆ, ಸಂಜೆ ಯಾವ ಓಣಿಗೆ ಇಳಿಯುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಇಳಿದಲ್ಲಿ ಯಾರದಾದರೂ ಮನೆಯಲ್ಲಿ ನೀರು ಕುಡಿದು, ತಾನು ಎಲ್ಲಿದ್ದೇನೆಂದು ಕೇಳಿಕೊಂಡು ಮನೆಗೆ ಹೋಗುತ್ತಾನೆ. ಅವನ ಹೆಂಡತಿ ಬುತ್ತಿಯಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚಿಗೆ ಕಟ್ಟುತ್ತಾಳೆ, ಅಷ್ಟೇ.

ಇಂಥ ಊರಿನಲ್ಲಿ ನಾನು ಚಿತ್ರ ತೆಗೆಯಲು ಕಲಿತೆ. ಬೇಕಿತ್ತೇ ಅಂತ ಕೇಳಿದರೆ, ಬೇಕಿತ್ತು. ನನ್ನ ಹೆಸರು ಇಂದುಮತಿ. ನೌಕರಿ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸುತ್ತ ಕೂತು ಕೂತು ಕಿವಿ ಸವೆದುಹೋದವು, ಕಣ್ಣು ಮಾತ್ರ ಬಳಸದೆ ಇಟ್ಟ ಪಾತ್ರೆಯಂತೆ ಹೊಸದಾಗಿಯೇ ಉಳಿದವು. ನಿವೃತ್ತಿಯಾದ ಮೇಲೆ ಅವಕ್ಕೂ ಸ್ವಲ್ಪ ಕೆಲಸ ಇರಲಿ ಎಂದು ಹಿಪ್ಪರಗಿ ಮಾಸ್ತರರ ರವಿವಾರದ ಗುಂಪಿಗೆ ಸೇರಿದೆ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ಮಾಸ್ತರರದು ಬಲು ಶಿಸ್ತಿನ ಕೈ. ಮೊದಲು ಪೆನ್ಸಿಲ್ಲು, ಆಮೇಲೆ ರಬ್ಬರು, ಮತ್ತೆ ಪೆನ್ಸಿಲ್ಲು. ಗುಡ್ಡದ ಒಂದೊಂದು ಬಂಡೆಯನ್ನೂ ಅದರ ಬಿರುಕಿನ ಸಮೇತ ಬಿಡಿಸಬೇಕು, ಆಮೇಲೆ ಬಣ್ಣ. ಗುಡ್ಡ ಅಷ್ಟು ಹೊತ್ತು ಕಾಯುತ್ತದೆಯೇ? ಅರ್ಧ ಬರೆಯುವಷ್ಟರಲ್ಲಿ ಎದ್ದು ಹೋಗಿಬಿಡುತ್ತಿತ್ತು. ಹಾಗಾಗಿ ಗುಂಪಿನವರ ಮನೆಗಳ ಗೋಡೆಯ ಮೇಲೆಲ್ಲ ಎಡಗಡೆಯ ಅರ್ಧ ಗುಡ್ಡಗಳು. ಬಲಗಡೆ ಹೇಗಿದೆ ಎಂದು ಯಾರ ಚಿತ್ರ ನೋಡಿದರೂ ತಿಳಿಯುವಂತಿರಲಿಲ್ಲ. ಆದರೂ ಮಾಸ್ತರರು ಕಲಿಸಿದ ಒಂದು ಮಾತು ನನ್ನ ಮನಸ್ಸಿಗೆ ಹತ್ತಿತು. "ನೀರಬಣ್ಣದಾಗ ಬಿಳೀ ಬಣ್ಣ ಅಂತ ಹಚ್ಚೋದಿಲ್ರಿ. ಬಿಸಲು ಬೇಕಂದ್ರ ಅಲ್ಲಿ ಕಾಗದ ಖಾಲಿ ಬಿಡಬೇಕು. ಹಚ್ಚೋದು ಎಲ್ಲಾರಿಗೂ ಬರ್ತದ, ಬಿಡೋದು ಕಲೀರಿ" ಅನ್ನುತ್ತಿದ್ದರು. ಹೇಳುತ್ತಿದ್ದರೇ ಹೊರತು ತಾವು ಮಾತ್ರ ಒಂದು ಮೂಲೆಯನ್ನೂ ಬಿಡುತ್ತಿರಲಿಲ್ಲ.

ನನ್ನದು ಗಡಿಬಿಡಿಯ ಕೈ. ಎಕ್ಸ್‌ಚೇಂಜಿನಲ್ಲಿ ಕಾಲ್ ಬಂತೆಂದರೆ ಕಾಯಿಸುವಂತಿಲ್ಲ. ಅದೇ ಚಾಳಿ ಕುಂಚಕ್ಕೂ ಬಂತು. ದಪ್ಪ ಕುಂಚ, ಕೈತುಂಬ ನೀರು, ಕಾಗದದ ಮೇಲೆ ಬಣ್ಣ ತಾನಾಗಿ ಹರಿದು ಒಂದರೊಳಗೊಂದು ಸೇರಿ ಏನಾಗುತ್ತದೋ ಅದೇ ಗುಡ್ಡ, ಅದೇ ಗಿಡ, ಅದೇ ಮೋಡ. ಮಾಸ್ತರರು ನನ್ನ ಮೊದಲ ಚಿತ್ರವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ಇಂದುಮತಿ ಬಾಯಾರ, ತಪ್ಪು ತಿಳೀಬ್ಯಾಡ್ರಿ, ಇದು ಚಹಾ ಚೆಲ್ಲಿಧಾಂಗ ಅದ" ಎಂದರು. ನನಗೂ ನಗು ಬಂತು. ನಿಜವಾಗಿಯೂ ಹಾಗೇ ಇತ್ತು.

ಒಂದು ರವಿವಾರ ಮೊಣಕಾಲು ಹಿಡಿದುಕೊಂಡಿತೆಂದು ಗುಂಪಿಗೆ ಹೋಗದೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಗುಡ್ಡ ಅಂದು ದಕ್ಷಿಣಕ್ಕೆ, ಜೋಳದ ಹೊಲಗಳ ಆಚೆ ಕೂತಿತ್ತು. ಮಾಘದ ಎಳೆ ಬಿಸಿಲು. ಸುಮ್ಮನೆ ಕೂತು ಏನು ಮಾಡುವುದೆಂದು ಕುಂಚ ಎತ್ತಿಕೊಂಡೆ. ತುದಿಯಿಂದ ಬುಡದವರೆಗೆ ಒಂದೇ ನೇರಳೆಯ ಎಳೆತ, ಹೆಗಲ ಮೇಲೆ ಬಿಸಿಲಿಗೆಂದು ಒಂದು ಚೂರು ಖಾಲಿ, ಕೆಳಗೆ ಹಸಿ ಹಸಿಯಲ್ಲೇ ಹಳದಿ. ಪಕ್ಕದಲ್ಲಿಟ್ಟ ಚಹಾ ಆರುವ ಮೊದಲೇ ಎಡವೂ ಬಲವೂ ಸೇರಿ ಇಡೀ ಗುಡ್ಡ ಕಾಗದದ ಮೇಲಿತ್ತು. ಒಣಗಲೆಂದು ಬಾವಿಕಟ್ಟೆಗೆ ಒರಗಿಸಿದೆ. ಲೋಟಗಳು ಕಿಣಿಕಿಣಿ ಅಂದವು. ಹೊರಟಿತು ಅಂದುಕೊಂಡೆ. ಹೊರಡಲಿಲ್ಲ, ಹೊಲ ದಾಟಿ ನನ್ನ ಹಿತ್ತಲಿನ ಕಡೆ ಬಂದು, ಬೇಲಿಯ ಆಚೆ ನಿಂತು ನನ್ನ ಚಿತ್ರ ನೋಡಿತು. ಗುಡ್ಡಕ್ಕೆ ಕಣ್ಣೆಲ್ಲಿವೆ ಅನ್ನುವವರು ಅನ್ನಲಿ, ನೋಡಿತು ಅಂದರೆ ನೋಡಿತು. ಆಮೇಲೆ ಅಲ್ಲೇ ಕೂತುಬಿಟ್ಟಿತು.

ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಊರಿಗೆ ಊರೇ ನನ್ನ ಹಿತ್ತಲಿಗೆ ಬಂತು. ಗುಂಪಿನವರು ಪೆನ್ಸಿಲ್ಲು ರಬ್ಬರು ತಂದು ಸಾಲಾಗಿ ಕೂತು, ಜನ್ಮದಲ್ಲಿ ಮೊದಲ ಸಲ ಗುಡ್ಡದ ಬಲಗಡೆಯನ್ನೂ ಮುಗಿಸಿದರು. ಮಾಸ್ತರರ ಕಣ್ಣು ಒದ್ದೆಯಾದವು. "ಬಲಕ್ಕೊಂದು ಹೆಗಲು ಅದ ನೋಡ್ರಿ" ಎಂದು ಕಂಡ ಕಂಡವರಿಗೆಲ್ಲ ತೋರಿಸಿದರು. ಆದರೆ ಗುಡ್ಡ ಅವರ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕುಂಚ ಒದ್ದೆ ಮಾಡಿದರೆ ಮಾತ್ರ ಒಂದು ಹೆಜ್ಜೆ ಮುಂದೆ ಬಂದು ಬಾಗುತ್ತಿತ್ತು. ಪುರಸಭೆಯ ಅಧ್ಯಕ್ಷರಂತೂ ಹಿಗ್ಗಿ ಹೀರೇಕಾಯಿಯಾದರು. ಊರಿಗೆ ಕೊನೆಗೂ ಒಂದು ನಿಂತ ಗುಡ್ಡವಾಯಿತೆಂದು "ಗುಡ್ಡದ ಕಡೆಗೆ" ಎಂಬ ಮರದ ಹಲಗೆಗಳನ್ನು ಬಾಣದ ಗುರುತಿನ ಸಮೇತ ಬರೆಸಿ, ಪ್ರತಿ ತಿರುವಿನಲ್ಲೂ ನಿಲ್ಲಿಸಿದರು. ನನಗೊಂದು ಶಾಲು ಹೊದಿಸಿದರು. ನಾನೇಕೆ ಸುಳ್ಳು ಹೇಳಲಿ, ಬಹಳ ಖುಷಿಯಾಯಿತು. ನೌಕರಿ ಇದ್ದಷ್ಟು ಕಾಲವೂ ಊರಿಗೆ ನಾನು ಬರೀ ದನಿಯಾಗಿದ್ದೆ. ಈಗ ಓಣಿಯಲ್ಲಿ ಹೋದರೆ "ಗುಡ್ಡ ಕೂಡಿಸಿದ ಬಾಯಾರು ಇವರ ನೋಡ್ರಿ" ಅನ್ನುತ್ತಿದ್ದರು.

ಎಲ್ಲರಿಗೂ ಖುಷಿಯಾದ ಈ ಸಂಗತಿಯಿಂದ ಒಬ್ಬಳ ಒಲೆಗೆ ಮಾತ್ರ ನೀರು ಬಿತ್ತು. ಅವಳು ನನ್ನ ನೆರೆಮನೆಯ ಕಾಶವ್ವ.

ಕಾಶವ್ವನ ಅಂಗಳ ನನ್ನ ಹಿತ್ತಲಿಗೆ ಹತ್ತಿಕೊಂಡೇ ಇದೆ, ನಡುವೆ ಒಂದು ಗಿಡ್ಡ ಗೋಡೆ. ಅಂಗಳದ ಆಚೆ ಉತ್ತರಕ್ಕೆ ಮನೆಗಳಿಲ್ಲ, ಕೆರೆಯವರೆಗೂ ಬಯಲು. ಅವಳದು ಹಪ್ಪಳದ ಉದ್ಯೋಗ. ಜೋಳದ ಹಪ್ಪಳ, ಅಕ್ಕಿ ಹಪ್ಪಳ, ಬಗೆಬಗೆಯ ಸಂಡಿಗೆ. ಓಣಿಯ ಹೆಂಗಸರು ಬಂದು ಲಟ್ಟಿಸುತ್ತಾರೆ, ಅಂಗಳದ ತುಂಬ ಹಗ್ಗದ ಹೊರಸು ಹಾಕಿ, ಹಳೆ ಸೀರೆ ಹಾಸಿ ಒಣಗಿಸುತ್ತಾರೆ. ಅಷ್ಟೂ ಮನೆಗಳು ನಡೆಯುವುದು ಆ ಅಂಗಳದ ಬಿಸಿಲಿನ ಮೇಲೆ. ಮೊದಲೆಲ್ಲ ಗುಡ್ಡ ಅಲ್ಲಿಂದಿಲ್ಲಿಗೆ ಓಡಾಡುತ್ತ ಅವಳಿಗೊಂದಿಷ್ಟು ನೆರಳು, ಇವಳಿಗೊಂದಿಷ್ಟು ನೆರಳು ಹಂಚುತ್ತಿತ್ತು, ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ದಕ್ಷಿಣದಲ್ಲಿ, ನಮ್ಮ ಬೇಲಿಗೆ ಮೂಗು ತಾಗಿಸಿಕೊಂಡು ಕೂತಿದೆ. ಮಾಘದ ಸೂರ್ಯ ದಕ್ಷಿಣಕ್ಕೇ ವಾಲಿರುತ್ತಾನೆ. ಅವಳ ಅಂಗಳಕ್ಕೆ ಮುಂಜಾನೆಯಿಂದ ಸಂಜೆತನಕ ನೆರಳೇ ನೆರಳು. ಅದೂ ಎಂಥ ಹೊತ್ತಿನಲ್ಲಿ? ನಾವಲಗಿಯವರ ಮನೆಯ ಮದುವೆಗೆ ಹಪ್ಪಳ ಒಪ್ಪಿಕೊಂಡಿದ್ದಳು. ಆ ಊಟದಲ್ಲಿ ಎಲೆಯ ತುದಿಗೆ ಹಪ್ಪಳ ಬೀಳದಿದ್ದರೆ ಮುಂದೆ ಯಾರೂ ಅವಳ ಬಾಗಿಲಿಗೆ ಬರುವುದಿಲ್ಲ.

ಒಂದು ದಿನ ಗೋಡೆಯ ಹತ್ತಿರ ಬಂದು ಒಂದು ಹಪ್ಪಳ ಚಾಚಿದಳು.

"ಮುರಿ ಇದನ್ನ."

ಮುರಿಯಲು ನೋಡಿದೆ. ಅದು ಒದ್ದೆ ಕರವಸ್ತ್ರದಂತೆ ಮಡಚಿಕೊಂಡಿತು. ಹುಳಿ ವಾಸನೆ ಬರುತ್ತಿತ್ತು.

"ಹಪ್ಪಳ ಅಂದ್ರ ಟಕ್ ಅನಬೇಕು. ನಾ ಎಷ್ಟ ದಿನ ಅಂತ ಬಾಯಿ ಮುಚ್ಕೊಂಡ ಇರಲಿ ಅಕ್ಕಾ? ನಿನ್ನ ಗುಡ್ಡ ಎಬ್ಬಿಸಿ ಕಳಸು."

"ನನ್ನ ಗುಡ್ಡ ಎಲ್ಲಿಂದ ಬಂತ? ಅದ ತಾನ ಬಂದು ಕೂತದ."

"ನೀ ಚಿತ್ರಾ ತಗದಿ, ಅದಕ್ಕ ಕೂತೈತಿ. ಶಾಲು ಹೊಚ್ಚಿಕೊಳ್ಳಾಗ ನಿಂದಾಗಿತ್ತು, ಈಗ ಯಾರ್ದೂ ಅಲ್ಲನು?"

ಮಾತು ನೆಟ್ಟಗೆ ಎದೆಗೆ ತಾಗಿತು. ನನಗೂ ಸಿಟ್ಟು ಬಂತು. "ಬಿಸಲಿಗೆ ನನ್ನ ಕೇಳಿದ್ರ ನಾ ಏನ್ ಮಾಡ್ಲಿ?" ಅಂದುಬಿಟ್ಟೆ. ಕಾಶವ್ವ ಆ ಹಪ್ಪಳವನ್ನು ಗೋಡೆಯ ಮೇಲೆ ಇಟ್ಟು ಒಳಗೆ ಹೋದಳು. ಗೋಡೆಯ ಮೇಲೆ ಕಪ್ಪಿಟ್ಟುಕೊಂಡು ದಿನಾ ನಾವಿಬ್ಬರೂ ಚಹಾ ಕುಡಿಯುತ್ತಿದ್ದ ಹೊತ್ತು ಅಂದಿನಿಂದ ನಿಂತುಹೋಯಿತು. ಅದೊಂದು ಹೊತ್ತಿಲ್ಲದಿದ್ದರೆ ದಿನ ಎಷ್ಟು ಉದ್ದವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಶಾಲು ಹೊದ್ದು ಕೂತು ನೋಡಿದೆ. ಶಾಲು ಮಾತಾಡಲಿಲ್ಲ.

ಹಟ ಇಳಿದ ಮೇಲೆ ಗುಡ್ಡ ಕಳಿಸುವ ದಾರಿ ಹುಡುಕಲು ಹೊರಟೆ. ಮಾಸ್ತರರು, "ಕೆಟ್ಟದಾಗಿ ತಗೀರಿ, ಬ್ಯಾಸತ್ತು ಹೋಗ್ತದ" ಎಂದರು. ಅವರ ಪೆನ್ಸಿಲ್ಲನ್ನೇ ಕಡ ತಂದು, ಒಂದೊಂದೇ ಬಂಡೆಯನ್ನು ಬಿರುಕಿನ ಸಮೇತ ಬಿಡಿಸಲು ಕೂತೆ. ಬಂಡೆಗಳು ಬದನೆಕಾಯಿಗಳಾದವು. ಗುಡ್ಡಕ್ಕೆ ಅದೂ ಸೊಗಸಾಗಿ ಕಂಡಿತೋ ಏನೋ, ಇನ್ನೂ ಹತ್ತಿರ ಬಂತು. ಚಿತ್ರ ತೆಗೆಯುವುದನ್ನೇ ಬಿಟ್ಟು ಬಣ್ಣದ ಡಬ್ಬಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಆಗ ಗುಡ್ಡ ಎಲ್ಲಿ, ಎಲ್ಲಿ ಎಂದು ಕೇಳುವಂತೆ ಬಾಗಿತು, ಅದರ ಕುರುಚಲು ಗಿಡಗಳು ನನ್ನ ಬಟ್ಟೆ ಒಣಹಾಕುವ ಹಗ್ಗಕ್ಕೆ ತಾಗಿದವು, ಲಗಮಣ್ಣನ ಆಡುಗಳು ನೇರವಾಗಿ ನನ್ನ ಮೆಂತ್ಯದ ಮಡಿಗೆ ಇಳಿದವು.

"ಹೊಸಾ ಸೊಪ್ಪು ಛೊಲೊ ಐತ್ರಿ" ಎಂದ ಲಗಮಣ್ಣ, ಆಡುಗಳ ಪರವಾಗಿ.

"ನಿನಗರೆ ಗುಡ್ಡದ ಮಾತು ತಿಳೀತದಲ್ಲೋ, ಎದ್ದು ಹೋಗಂತ ಹೇಳೋ ಮಾರಾಯಾ" ಎಂದೆ.

"ನಾ ಹೇಳಿದ್ರ ಎಲ್ಲಿ ಕೇಳ್ತೈತ್ರಿ? ಅದು ನಿಮ್ಮ ಚಿತ್ರದ ಹಾಳ್ಯಾಗ ಕುಂದ್ರಾಕ ಬಂದೈತಿ" ಎಂದು ಆಡುಗಳನ್ನು ಹೊಡೆದುಕೊಂಡು ಹೋದ.

ಮದುವೆ ಹತ್ತಿರವಾಯಿತು. ಗುಡ್ಡದ ಎರಡು ಹೆಗಲುಗಳ ನಡುವೆ ಒಂದು ಸಣ್ಣ ತಗ್ಗು ಇತ್ತು. ನಡುಹಗಲಿನಲ್ಲಿ ಸೂರ್ಯ ಆ ತಗ್ಗಿಗೆ ಬಂದಾಗ ಕಾಶವ್ವನ ಅಂಗಳಕ್ಕೆ ಒಂದು ತುಂಡು ಬಿಸಿಲು ಬೀಳುತ್ತಿತ್ತು. ಬಿದ್ದದ್ದೇ ತಡ, ಹೆಂಗಸರೆಲ್ಲ ಹೊರಸು ಹೊತ್ತುಕೊಂಡು ಓಡುವರು. ಬಿಸಿಲು ಸರಿದಂತೆ ಹೊರಸೂ ಸರಿಯಬೇಕು. "ಹಿಡೀ, ಹಿಡೀ, ಆ ಮೂಲಿಗೆ ಬಂತು! ಎತ್ತವಾ ಲಗೂನ!" ಎಂದು ಕಾಶವ್ವ ಸೆರಗು ಸಿಕ್ಕಿಸಿ ಕೂಗುವಳು. ಒಂದು ದಿನ ಸಹಾಯ ಮಾಡೋಣವೆಂದು ಗೋಡೆಯ ಹತ್ತಿರ ಹೋದೆ. ಕರೆಯದೆ ಹೇಗೆ ದಾಟುವುದೆಂದು ಹಿಂದೆಮುಂದೆ ನೋಡುತ್ತ ನಿಂತವಳಿಗೆ ಆ ಅಂಗಳ ಕಂಡಿತು.

ಮೊದಲು ಕಂಡಿರಲಿಲ್ಲವೇ? ದಿನಾ ನೋಡುತ್ತಿದ್ದ ಅಂಗಳವೇ. ಆದರೂ ಅಂದು ಕಂಡಿತು. ಸೀರೆಯ ಮೇಲೆ ಚಂದ್ರನ ಬಿಲ್ಲೆಗಳಂತೆ ಹಪ್ಪಳಗಳು, ಒಂದೊಂದರ ಅಂಚಿಗೂ ತೆಳ್ಳಗಿನ ನೀಲಿ ನೆರಳು, ನಡುವೆ ಬಿಸಿಲನ್ನು ಅಟ್ಟಿಕೊಂಡು ಹೋಗುತ್ತಿರುವ ಇಟ್ಟಂಗಿ ಬಣ್ಣದ ಸೀರೆಯ ಕಾಶವ್ವ. ನಾನು ಒಳಗೆ ಓಡಿದೆ. ಮೊಣಕಾಲು ನೋವಿದೆ ಎನ್ನುವುದೂ ನೆನಪಾಗಲಿಲ್ಲ. ಅಕ್ಕಿಯಿಂದ ಡಬ್ಬಿ ಕಿತ್ತು ತಂದು, ಗುಡ್ಡಕ್ಕೆ ಬೆನ್ನು ಹಾಕಿ, ಗೋಡೆಯ ಈಚೆ ನೆಲದ ಮೇಲೇ ಕೂತೆ.

ಕಾಶವ್ವ ತಿರುಗಿ ನೋಡಿದಳು. "ಗುಡ್ಡಾ ಕೂಡಿಸಿದ್ದು ಸಾಲದು, ಈಗ ನಮ್ಮನ್ನೂ ಕೂಡಸ್ತೀ ಏನ?"

"ನೀ ಓಡಾಡು. ನಿಲ್ಲಬ್ಯಾಡ" ಎಂದೆ. ಹೆಚ್ಚು ಮಾತಾಡಲು ನನಗೆ ಪುರುಸೊತ್ತಿರಲಿಲ್ಲ. ಅವಳು ನಿಂತಿದ್ದರೆ ನನ್ನ ಕೈಗೆ ಬರುತ್ತಲೂ ಇರಲಿಲ್ಲ. ಒಂದು ಎಳೆತಕ್ಕೆ ಹೊರಸುಗಳು, ಅದು ಹಸಿ ಇರುವಾಗಲೇ ನೀಲಿ, ಇಟ್ಟಂಗಿ ಬಣ್ಣದ ಎರಡೇ ಬೀಸು. ಹಪ್ಪಳಗಳಿಗೆ ಏನೂ ಹಚ್ಚಲಿಲ್ಲ, ಸುತ್ತ ಹಚ್ಚಿ ಅವನ್ನು ಖಾಲಿ ಬಿಟ್ಟೆ.

ಮನೆಯೊಳಗೆ ಲೋಟಗಳು ಕಿಣಿಕಿಣಿ ಅಂದವು. ಕಾಗದದ ಮೇಲೆ ನೆರಳು ಬಿತ್ತು. ಗುಡ್ಡ ನನ್ನ ಹೆಗಲ ಮೇಲಿಂದ ಬಾಗಿ ನೋಡುತ್ತಿತ್ತು. ನೋಡಿ ನೋಡಿ, ತಾನು ಎಲ್ಲೂ ಇಲ್ಲವೆಂದು ಗೊತ್ತಾಗಿ ಒಂದೆರಡು ಸಣ್ಣ ಕಲ್ಲು ಉರುಳಿಸಿತು. ಸಿಟ್ಟಿಗೆದ್ದ ಮಗುವೊಂದು ಸೆರಗು ಜಗ್ಗಿದ ಹಾಗೆ.

"ಸರೀ ಅತ್ತಾಗ, ಬೆಳಕಿಗೆ ಅಡ್ಡ ಬರಬ್ಯಾಡ!" ಎಂದೆ, ತಲೆ ಎತ್ತದೆ.

ಆಗ ಗುಡ್ಡ ಎದ್ದಿತು. ಅಷ್ಟು ದಿನ ಕೂತಿದ್ದಕ್ಕೆ ಮೈ ಹಿಡಿದಿತ್ತೋ ಏನೋ, ಎದ್ದ ಹೊಡೆತಕ್ಕೆ ನನ್ನ ಬಾವಿಯ ನೀರು ತುಳುಕಿತು. ಓಣಿಯ ನಾಯಿಗಳೆಲ್ಲ ಬೊಗಳಿದವು. ನಮ್ಮ ಮನೆಗಳನ್ನು ಬಳಸಿ, ದೊಡ್ಡ ಸುತ್ತು ಹಾಕಿ, ಕಾಶವ್ವನ ಅಂಗಳದ ಆಚೆ ಬಯಲಿಗೆ ಬಂದು, ನನ್ನ ಕಣ್ಣೆದುರಿಗೇ ನಿಂತಿತು. ಅಂದರೆ ಚಿತ್ರದೊಳಗೆ ಬಂದು ನಿಂತಿತು. ಆದರೆ ನನ್ನ ಕಾಗದದಲ್ಲಿ ಜಾಗವೆಲ್ಲಿದೆ? ಅಂಗಳ ಮುಗಿದು ಮೇಲೆ ಎರಡು ಬೆರಳಿನಷ್ಟು ಆಕಾಶ ಉಳಿದಿತ್ತು. ನಾನು ಕುಂಚದ ತುದಿಯಿಂದ ಆ ಖಾಲಿ ಪಟ್ಟಿಯನ್ನು ತೋರಿಸಿ, "ಇಷ್ಟ ನೋಡಪಾ ಉಳದಿದ್ದು. ಹಿಡಸಿದ್ರ ಕೂಡು" ಎಂದೆ. ಗುಡ್ಡ ಒಂದು ಹೆಜ್ಜೆ ಹಿಂದೆ ಸರಿಯಿತು. ಪಟ್ಟಿಯಲ್ಲಿ ಇನ್ನೂ ಹಿಡಿಸಲಿಲ್ಲ. ಇನ್ನೊಂದು ಹೆಜ್ಜೆ. ಬಯಲು ದಾಟಿತು, ಕೆರೆ ದಾಟಿತು, ಕೆರೆಯಾಚೆಯ ಹಾದಿಯನ್ನೂ ದಾಟಿ ಹೋಗಿ, ಸಣ್ಣದಾಗಿ, ಸರಿಯಾಗಿ ಎರಡು ಬೆರಳಿನ ಪಟ್ಟಿಯೊಳಗೆ ಕೂತಿತು. ನಾನು ಕುಂಚದಲ್ಲಿ ಉಳಿದಿದ್ದ ಬೂದು ನೀಲಿಯನ್ನು ಒಮ್ಮೆ ಒರೆಸಿದೆ, ಅಷ್ಟೇ ಅದರ ಪಾಲು.

ಉತ್ತರಕ್ಕೆ ಕೂತ ಗುಡ್ಡದ ನೆರಳು ಮಾಘದಲ್ಲಿ ನಮ್ಮ ಕಡೆ ಬೀಳುವುದಿಲ್ಲ. ಅಂಗಳಕ್ಕೆ ಒಮ್ಮೆಲೇ ಬಿಸಿಲು ಸುರಿಯಿತು, ಗೋಣಿ ಬಾಯಿ ಬಿಚ್ಚಿ ಜೋಳ ಸುರಿದಂತೆ. ಹೊರಸು ಹೊತ್ತುಕೊಂಡು ಓಡುತ್ತಿದ್ದ ಹೆಂಗಸರು ಎಲ್ಲಿಗೆ ಓಡಬೇಕೆಂದು ತಿಳಿಯದೆ ನಿಂತಲ್ಲೇ ನಿಂತು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ಕಾಶವ್ವ ಮಾತ್ರ ನಗಲಿಲ್ಲ. "ನಿಂತು ಹಲ್ಲು ಕಿಸೀಬ್ಯಾಡ್ರಿ, ಹಾಸ್ರಿ!" ಎಂದು ಗದರಿಸಿ, ಮನೆಯೊಳಗಿದ್ದ ಅಷ್ಟೂ ಹಿಟ್ಟು ಹೊರಗೆ ತರಿಸಿದಳು. ಹೊರಸು ಸಾಲಲಿಲ್ಲ. ಗುಡ್ಡ ಎದ್ದು ಹೋದ ಸುದ್ದಿ ಕೇಳಿ ಓಡಿಬಂದಿದ್ದ ಪುರಸಭೆಯ ಅಧ್ಯಕ್ಷರು ತಿರುವಿನ ಹಲಗೆಗೆ ಒರಗಿಕೊಂಡು ಮುಖ ಸಣ್ಣಗೆ ಮಾಡಿ ನಿಂತಿದ್ದರು. "ಸಾಹೇಬ್ರ, ಆ ಹಲಗಿ ಇನ್ನ ನಿಮಗ್ಯಾಕ್ರಿ? ಇತ್ತಾಗ ಕೊಡ್ರಿ" ಎಂದು ಕಾಶವ್ವ ಅವರ ಕೈಯಿಂದಲೇ ಕೀಳಿಸಿ ತರಿಸಿದಳು. "ಗುಡ್ಡದ ಕಡೆಗೆ" ಎನ್ನುವ ಹಲಗೆಗಳ ಮೇಲೆಲ್ಲ ಸಂಡಿಗೆ ಕೂತವು.

ಸಂಜೆಯ ಹೊತ್ತಿಗೆ ಅವಳು ಗೋಡೆಯ ಹತ್ತಿರ ಬಂದಳು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಹಪ್ಪಳ. ನಾನು ಕೇಳುವ ಮೊದಲೇ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಮುರಿದಳು. ಟಕ್. ನನ್ನ ಸವೆದ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು.

"ಅವತ್ತ ನಾ ಹಂಗ ಅನಬಾರದಿತ್ತು ಕಾಶವ್ವ."

"ನಾನೂ ಅಂದೀನಲ್ಲ. ಬಿಡು. ಎಲ್ಲಿ, ಏನ್ ತಗದಿ ತೋರಸು."

ಚಿತ್ರ ಕೊಟ್ಟೆ. ಎಲ್ಲರಂತೆ ಅವಳೂ ಮೊದಲು ಗುಡ್ಡವನ್ನೇ ಹುಡುಕಿದಳು. ಸಿಕ್ಕಾಗ, "ಇಷ್ಟಕ್ಕ ಆಟೊಂದು ದೂರ ಹೋತೇನ ಹುಚ್ಚಪ್ಪ!" ಎಂದು ಈಗ ನಕ್ಕಳು. ಆಮೇಲೆ ಬೆರಳು ಕೆಳಗಿಳಿದು ಇಟ್ಟಂಗಿ ಬಣ್ಣದ ಎರಡು ಬೀಸಿನ ಮೇಲೆ ನಿಂತಿತು.

"ಇದ್ ಯಾರ?"

"ನೀ."

ನಗು ನಿಂತಿತು. ಕಾಗದವನ್ನು ಬೆಳಕಿಗೆ ಹಿಡಿದಳು. "ನನ್ನ ಬೆನ್ನ ಇಷ್ಟ ಬಾಗೈತೇನ?"

"ಇಲ್ಲಬಿಡು, ಗಡಿಬಿಡಿಯೊಳಗ ಬಾಗಿಸೀನಿ."

"ಸುಳ್ಳ ಹೇಳಬ್ಯಾಡ. ಬಾಗೈತಿ. ದಿನಾ ಗ್ವಾಡಿ ಮ್ಯಾಲ ಚಾ ಕುಡಿಯಾಗೂ ನೀ ಆ ಗುಡ್ಡಾನ ನೋಡಾಕತ್ತಿರ್ತಿದ್ದಿ. ನನ್ನ ಯಾವಾಗರೆ ನೋಡೀದಿ ಅಂತ ನನಗ ಗೊತ್ತ ಇದ್ದಿಲ್ಲ." ಬೆರಳು ಆ ಎರಡು ಬೀಸಿನ ಮೇಲ್ತುದಿಗೆ ಏರಿತು. ಅಲ್ಲಿ ಬಣ್ಣವೇ ಇರಲಿಲ್ಲ. "ಮೈ ತಗದಿ, ಸೆರಗ ತಗದಿ. ಮಾರಿ ಬರಿಯಾಕ ಮರತಿ ನೋಡು. ಖಾಲಿನ ಐತಿ."

"ಮರತಿಲ್ಲ ಕಾಶವ್ವ," ಎಂದೆ, "ಅಲ್ಲಿ ಬಿಸಲು ಬಿದ್ದಿತ್ತು."

ಕಾಶವ್ವ ಹಿಟ್ಟು ಮೆತ್ತಿದ ಕೈಯಿಂದ ತನ್ನ ಕೆನ್ನೆ ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಚಿತ್ರವನ್ನು ನನಗೆ ವಾಪಸು ಕೊಡಲೇ ಇಲ್ಲ.